ನಾಮಕರಣಕ್ಕೆ ನಗು ತರುವ ನ್ಯಾಲಿಂಗ್

ಬೆಳಗಿನ ನಮಾಜಿಗೆ ಹೋದ ಗಂಡಸರು ಮಸೀದಿಯಿಂದ ಇನ್ನೂ ಹೊರಬಂದಿಲ್ಲ. ಸುಮಾಕುಂದ ಹಳ್ಳಿಯ ಬಾವಿಕಟ್ಟೆಯ ಮರೆಯಲ್ಲಿ ನ್ಯಾಲಿಂಗ್ ಸನ್ಯಾಂಗ್ ತೀರಿಕೊಂಡ ಗಂಡನ ಹಳೇ ಪ್ಯಾಂಟನ್ನು ಹಿಂದುಮುಂದಾಗಿ ತೊಡುತ್ತಿದ್ದಾರೆ. ಕೊರಳಿಗೆ ಟೊಮೆಟೊ ಡಬ್ಬಿಗಳ ಸರ, ತಲೆಗೆ ಒಡಕು ಸೋರೆಬುರುಡೆ, ಕೆನ್ನೆಗೆ ಒಲೆಯ ಬೂದಿ. ವಯಸ್ಸು ಅರವತ್ತಕ್ಕೆ ಎರಡು ಕಮ್ಮಿ. ಸೊಂಟ ಹಿಡಿದುಕೊಂಡಿದೆ. ಆದರೂ ಇನ್ನೊಂದು ಗಳಿಗೆಯಲ್ಲಿ ಅವರು ಯಾರದೋ ಅಂಗಳಕ್ಕೆ ಮಂಡಿಯೂರಿ ತೆವಳುತ್ತ ನುಗ್ಗಬೇಕು.

ಅಂಗಳದಲ್ಲಿ ಒನಕೆಗಳ ಸದ್ದು. ಎಂಟು ದಿನದ ಗಂಡುಮಗುವಿಗೆ ಇವತ್ತು ಹೆಸರಿಡುತ್ತಾರೆ. ಹೆಂಗಸರು ಅಕ್ಕಿ ಕುಟ್ಟಿ, ಹಿಟ್ಟಿಗೆ ಸಕ್ಕರೆ ಕಲಸುತ್ತಿದ್ದಾರೆ. ನ್ಯಾಲಿಂಗ್ ಬೊಗಳುತ್ತ ಬಂದವರೇ ಹಿಟ್ಟಿನ ಬೋಗುಣಿಗೆ ಮೂತಿ ಹಾಕುತ್ತಾರೆ. ಹಿಂದೆಯೇ ಆರು ಹೆಂಗಸರು ಖಾಲಿ ನೀರಿನ ಕ್ಯಾನು ಬಡಿಯುತ್ತ, ಇಲ್ಲಿ ಬರೆಯಲಾಗದ ಹಾಡು ಹೇಳುತ್ತ ಬರುತ್ತಾರೆ. ಅಷ್ಟರಲ್ಲಿ ಇಮಾಮರ ಆಗಮನ. ನ್ಯಾಲಿಂಗ್ ಅವರಿಗೇ ಗಂಟು ಬೀಳುತ್ತಾರೆ.

"ಇಮಾಮರೇ, ನಿಮ್ಮ ಮೂರು ಹೆಂಡ್ತೀರೂ ಮುದುಕೀರಾದ್ರು. ನನ್ನ ನೋಡಿ, ಇನ್ನೂ ಎರಡು ಹಲ್ಲು ಗಟ್ಟಿಯಾಗಿದೆ."

"ಹೋಗೇ ಅತ್ಲಾಗೆ. ಆ ಎರಡು ಹಲ್ಲಿಗೆ ಹಾಕೋಕೆ ಅಕ್ಕಿ ಎಲ್ಲಿಂದ ತರಲಿ?"

ಅಂಗಳ ಬಿದ್ದು ಬಿದ್ದು ನಗುತ್ತದೆ. ಬಾಣಂತಿ ಕೂಡ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನ್ಯಾಲಿಂಗ್ ಮಗುವಿನ ಕಡೆ ಮಾತ್ರ ತಿರುಗಿ ನೋಡುವುದಿಲ್ಲ.

ಇವರನ್ನು ನಾವು ಕನ್ಯೆಲೆಂಗ್ ಎನ್ನುತ್ತೇವೆ. ಹೆತ್ತದ್ದು ಉಳಿಯದ, ಇಲ್ಲವೇ ಹೆರುವುದೇ ಆಗದ ಹೆಂಗಸರ ಗುಂಪು. ಮಾನ ಮರ್ಯಾದೆ ಗಾಳಿಗೆ ತೂರಿ, ನೆಲಕ್ಕೆ ಬಿದ್ದದ್ದನ್ನು ತಿಂದು, ಕಸಿದುಕೊಳ್ಳುವಂಥದ್ದು ತಮ್ಮಲ್ಲಾಗಲಿ ಕರೆದ ಮನೆಯಲ್ಲಾಗಲಿ ಏನೂ ಇಲ್ಲ ಎಂದು ಸಾವಿಗೆ ತೋರಿಸಿಕೊಡುವುದು ಅವರ ಕೆಲಸ. ನ್ಯಾಲಿಂಗ್ ಈ ಗುಂಪು ಸೇರಿ ಮೂವತ್ತೊಂದು ವರ್ಷವಾಯಿತು, ಈಗ ಅವರೇ ಮುಂದಾಳು. ಸುತ್ತಲಿನ ಹನ್ನೆರಡು ಹಳ್ಳಿಗಳಲ್ಲಿ ವಾರಕ್ಕೆ ಎರಡೋ ಮೂರೋ ನಾಮಕರಣ. ಎಲ್ಲ ಕಡೆಗೂ ನಡಿಗೆ. ಸಿಗುವುದು ಒಂದು ಹಿಡಿ ಹಿಟ್ಟು, ಒಂದು ತುಂಡು ಸೋಪು. ಗುಂಪಿನ ಏಳು ಜನ ಸೇರಿ ಮಣ್ಣು ಮಾಡಿರುವ ಮಕ್ಕಳು ಇಪ್ಪತ್ತೇಳು. ಈ ಲೆಕ್ಕ ಕೇಳಿದವಳು ನಾನು, ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ನನ್ನ ಎರಡನೇ ಮಗನ ನಾಮಕರಣಕ್ಕೂ ಇವರು ಕುಣಿದಿದ್ದರು. ಆಗ ಹೊಟ್ಟೆ ಹುಣ್ಣಾಗುವಂತೆ ನಕ್ಕು ಸೋಪು ಕೊಟ್ಟು ಕಳಿಸಿದ್ದೆ. ಅವರು ಯಾರು, ಯಾಕೆ ಬೊಗಳುತ್ತಾರೆ ಎಂದು ಕೇಳುವ ಬುದ್ಧಿ ಬಂದಿರಲಿಲ್ಲ.

ನ್ಯಾಲಿಂಗ್ ಹೆತ್ತದ್ದು ಆರು. ಮೊದಲ ಐದಕ್ಕೂ ಹಿರಿಯರ ದೊಡ್ಡ ದೊಡ್ಡ ಹೆಸರಿಟ್ಟರು. ಒಂದೂ ನಡೆಯುವ ತನಕ ಬದುಕಲಿಲ್ಲ. ಆರನೆಯದು ಹುಟ್ಟಿದಾಗ ಗುಂಪಿನ ಹೆಂಗಸರು ಕೂಸನ್ನು ಎತ್ತಿಕೊಂಡು ಹೋಗಿ ಊರಾಚೆಯ ಕಸದ ರಾಶಿಯ ಮೇಲೆ ಮಲಗಿಸಿದರು. ಬೇರೆ ಕೇರಿಯ ಮುದುಕಿಯೊಬ್ಬಳು ದಾರಿಯಲ್ಲಿ ಸಿಕ್ಕಿತೆಂದು ಅದನ್ನು ತಂದು, ಸಾಕಲು ನ್ಯಾಲಿಂಗ್ ಕೈಗೆ ಕೊಟ್ಟಳು. ಮಗುವಿಗೆ ಇಟ್ಟ ಹೆಸರಿಗೆ ನಮ್ಮ ಭಾಷೆಯಲ್ಲಿ ತಿಪ್ಪೆ ಎಂದು ಅರ್ಥ, ಇಲ್ಲಿ ತಿಪ್ಪಿ ಎನ್ನೋಣ. ತಿಪ್ಪಿ ಬದುಕಿದಳು.

"ಶಾಲೇಲಿ ಹುಡುಗ್ರು ಆಡಿಕೊಳ್ಳೋರು. ದಿನಾ ಅತ್ಕೊಂಡು ಬರೋಳು," ಎನ್ನುತ್ತಾರೆ ನ್ಯಾಲಿಂಗ್. ಕಡಲೆಕಾಯಿ ಸಾರಿಗೆ ಕೈಯಾಡಿಸುತ್ತಲೇ ಮಾತು. "ಹತ್ತು ವರ್ಷ ಆಗಿತ್ತು. ಇನ್ನೇನು ಗಂಡಾಂತರ ಕಳೀತು ಅಂದ್ಕೊಂಡೆ. ನಾನೇ ಮೇಷ್ಟ್ರ ಹತ್ರ ಹೋಗಿ ಜೈನಾಬಾ ಅಂತ ಬರೆಸಿದೆ ಕಣೇ. ನನ್ನ ಕೈಯಾರೆ. ಇವಳು ಬೇಡದ ಮಗು ಅಲ್ಲ, ಬೇಕಾದ ಮಗು ಅಂತ ಊರಿಗೆಲ್ಲ ಸಾರಿದ ಹಾಗಾಯ್ತು."

ಜೈನಾಬಾಗೆ ಈಗ ಇಪ್ಪತ್ತೇಳು. ಎರಡು ಕೂಸುಗಳನ್ನು ಕಳೆದುಕೊಂಡಿದ್ದಾಳೆ. ಹೆಸರು ಬದಲಿಸಿದ್ದೇ ಇದಕ್ಕೆಲ್ಲ ಕಾರಣವೆಂದು ತಾಯಿ ನಂಬಿದ್ದಾರೆ. ಹಾಗಲ್ಲ ಎಂದು ನಾನು ಹೇಳಿ ನೋಡಿದೆ. ಅವರು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದರು.

ನಾನು ಈ ಬರಹಕ್ಕೆಂದು ಅವರ ಹಿಂದೆ ತಿರುಗುತ್ತಿರುವ ಹೊತ್ತಿಗೇ ಜೈನಾಬಾ ಮೂರನೆಯದನ್ನು ಹೆರುತ್ತಾಳೆ. ಹೆಣ್ಣು. ಅವಳ ಗಂಡ ಸಂಜಾಲಿ ದರ್ಬೋ ಮದರಸಾದಲ್ಲಿ ಕಲಿಸುವವನು, ಒಳ್ಳೆಯ ಮನುಷ್ಯ, ಮಾತು ಮೆಲ್ಲಗೆ. ಅತ್ತೆಯ ಎದುರು ಚಾಪೆಯ ಮೇಲೆ ಕೂತು ತಲೆ ತಗ್ಗಿಸಿಯೇ ಹೇಳುತ್ತಾನೆ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಸಲ ಆ ಆಟ ಬೇಡ. ಮಗೂನ ಕಸದ ಮೇಲೆ ಹಾಕೋದು, ಬೊಗಳೋದು ಎಲ್ಲ ದೇವರು ಮೆಚ್ಚೋ ಕೆಲಸ ಅಲ್ಲ. ನಮ್ಮಮ್ಮನ ಹೆಸರು ಇಡ್ತೀನಿ."

"ನಿಮ್ಮಮ್ಮನ ಹೆಸರು ಚೆನ್ನಾಗಿದೆಯಪ್ಪ," ಎನ್ನುತ್ತಾರೆ ನ್ಯಾಲಿಂಗ್. "ಅದಕ್ಕೇ ಹೆದರಿಕೆ."

ಜೈನಾಬಾ ಗೋಡೆಯ ಕಡೆ ತಿರುಗಿ ಮಲಗಿರುತ್ತಾಳೆ. ಅವಳ ಅಭಿಪ್ರಾಯ ಇಬ್ಬರೂ ಕೇಳುವುದಿಲ್ಲ. ಕೇಳಿದ್ದರೂ ಗಂಡನ ಪರವೇ ಇರುತ್ತಿದ್ದಳು. ತಾಯಿ ಮಂಡಿಯೂರಿ ಊರೂರು ಸುತ್ತುವುದನ್ನು ನೋಡುತ್ತ ಬೆಳೆದವಳು ಅವಳು, ಸಾಕಾಗಿಹೋಗಿದೆ.

ಎಂಟನೇ ದಿನ ಟಗರು ಕಡಿಯುತ್ತಾರೆ, ಬಂದವರಿಗೆ ಅಗಿಯಲು ಕೋಲಾಕಾಯಿ ಹಂಚುತ್ತಾರೆ. ಇಮಾಮರು ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತಾರೆ, ಹಾಡುಗಾರ ಅದನ್ನು ಕೇರಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಾನೆ. ನ್ಯಾಲಿಂಗ್ ನೀಲಿ ವಸ್ತ್ರ ತಲೆಗೆ ಕಟ್ಟಿಕೊಂಡು, ಕಾಲು ಮಡಚಿ, ಮರ್ಯಾದಸ್ಥ ಹೆಂಗಸರ ಸಾಲಿನಲ್ಲಿ ಕೂತಿದ್ದಾರೆ. ಹನ್ನೆರಡು ಹಳ್ಳಿಯ ಮಕ್ಕಳಿಗಾಗಿ ಕುಣಿದವರು ಸ್ವಂತ ಮೊಮ್ಮಗಳಿಗೆ ಕೈಕಟ್ಟಿ ಕೂರಬೇಕಾಗಿದೆ. ಹೆಸರು ಕೂಗಿದಾಗ ಅವರು ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ. ಪಕ್ಕದವಳು ಕೈ ಹಿಡಿದು ಕೆಳಗಿಳಿಸುತ್ತಾಳೆ.

ಹನ್ನೊಂದನೇ ದಿನ ಮಗುವಿಗೆ ಜ್ವರ. ದೊಡ್ಡಾಸ್ಪತ್ರೆ ನದಿಯಾಚೆ. ಆಚೆ ದಡದ ದೋಣಿ ಬರಲಿ ಎಂದು ಕಾಯುತ್ತ ಕೂತಿರುವಾಗಲೇ ಜೈನಾಬಾಳ ಮಡಿಲಲ್ಲಿ ಅದು ತಣ್ಣಗಾಗುತ್ತದೆ. ಇಂಥ ಸಾವಿಗೆ ನಮ್ಮೂರಲ್ಲಿ ಯಾರೂ ಹೆಚ್ಚು ಅಳುವುದಿಲ್ಲ, ಅತ್ತರೆ ಮುಂದಿನದಕ್ಕೆ ಕೇಡೆಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಸಂಜಾಲಿ ಒಬ್ಬನೇ ಗುಂಡಿ ತೋಡುತ್ತಾನೆ. ಯಾರು ಹಾರೆ ಕೇಳಿದರೂ ಕೊಡುವುದಿಲ್ಲ.

ನ್ಯಾಲಿಂಗ್ ಅಳಿಯನನ್ನು ಒಂದು ಮಾತೂ ಆಡುವುದಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ನನಗೇ ಅನ್ನಿಸುತ್ತದೆ. "ಅವನದೇನು ತಪ್ಪು?" ಎನ್ನುತ್ತಾರೆ. "ಕಸದ ಮೇಲೆ ಮಲಗಿಸಿದ್ದರೂ ಹೋಗ್ತಿತ್ತೇನೋ. ನಮ್ಮ ಗುಂಪಿನ ಸೀರಾ ಅಕ್ಕ ಎಲ್ಲಾ ಶಾಸ್ತ್ರ ಮಾಡಿಸಿದ್ಲು, ಆರು ಹೋದ್ವು. ಉಳಿಯುತ್ತೆ ಅಂತ ನಾನು ಕುಣಿಯೋದಲ್ಲ ಮಗಳೇ. ಮನೇಲಿ ಕೂತ್ರೆ ಕಣ್ಣಿಗೆ ಬಾವಿ ಕಾಣ್ತಾ ಇತ್ತು. ಈ ಹೆಂಗಸರು ಬಂದು ಎಳ್ಕೊಂಡು ಹೋದ್ರು."

ಮಗುವನ್ನು ಮಣ್ಣು ಮಾಡಿ ಮೂರು ವಾರಕ್ಕೆ ಮತ್ತೊಂದು ಹಳ್ಳಿಯಲ್ಲಿ ನಾಮಕರಣ. ಕರೆದ ಮನೆಗೆ ಹೋಗದಿರುವಂತಿಲ್ಲ. ನಾನೂ ಹೊರಡುತ್ತೇನೆ. ಇನ್ನೂ ಪೂರ್ತಿ ಬೆಳಕಾಗಿಲ್ಲ, ದಾರಿಯಲ್ಲಿ ಗುಂಪಿನ ಜೊತೆ ಜೈನಾಬಾ ನಿಂತಿದ್ದಾಳೆ. ಅವಳು ತೊಟ್ಟಿರುವುದು ಸಂಜಾಲಿಯ ಮದರಸಾದ ಪ್ಯಾಂಟು, ಇಸ್ತ್ರಿಯ ಗೆರೆ ಹಾಗೇ ಇದೆ. ಅವನೇ ಮಡಚಿ ಕೊಟ್ಟು ಕಳಿಸಿದನಂತೆ.

ಹೊಸಬಳ ನಾಚಿಕೆ ಕಳೆಯುವುದು ಮುಂದಾಳಿನ ಕೆಲಸ. ಮಗಳೆಂದು ರಿಯಾಯಿತಿ ಇಲ್ಲ.

"ಮಂಡಿಯೂರು," ಎನ್ನುತ್ತಾರೆ ನ್ಯಾಲಿಂಗ್.

ಜೈನಾಬಾ ಊರುತ್ತಾಳೆ. ನ್ಯಾಲಿಂಗ್ ಕೊಡದಲ್ಲಿದ್ದ ನೀರನ್ನು ಅವಳ ತಲೆಯ ಮೇಲೆ ಸುರಿದು, ಮುಖಕ್ಕೆ ಬೂದಿ ಮೆತ್ತುತ್ತಾರೆ.

"ಎಲ್ಲಿಯವಳೇ ನೀನು?"

"ತಿಪ್ಪೆಯವಳು."

"ಯಾರಿಗೆ ಬೇಕಾದವಳು?"

"ಯಾರಿಗೂ ಬೇಡ ಅಮ್ಮ."

ತಾಯಿಯ ಕೈ ಮಗಳ ಕೆನ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಕ್ಯಾನು ಬಡಿಯಲು ಸನ್ನೆ ಮಾಡುತ್ತಾರೆ.

ಅಂಗಳದಲ್ಲಿ ಜೈನಾಬಾ ಮೊದಲು ತಡವರಿಸುತ್ತಾಳೆ. ಆಮೇಲೆ ಮಗುವಿನ ಅಪ್ಪನ ಕಾಲಿಗೆ ತೆಕ್ಕೆ ಬಿದ್ದು, "ನನ್ನನ್ನೂ ಸಾಕ್ಕೊಳ್ಳೋ, ಹಾಲು ಕಮ್ಮಿ ಕುಡೀತೀನಿ" ಎಂದು ಕೂಸಿನ ಹಾಗೆ ರಚ್ಚೆ ಹಿಡಿಯುತ್ತಾಳೆ. ಅವನು ಬಿಡಿಸಿಕೊಂಡು ಓಡುತ್ತಾನೆ, ಇವಳು ಬಿಡದೆ ತೆವಳಿಕೊಂಡು ಬೆನ್ನು ಹತ್ತುತ್ತಾಳೆ. ಒನಕೆ ಹಿಡಿದ ಹೆಂಗಸರು ಕುಟ್ಟುವುದು ಬಿಟ್ಟು ನಗುತ್ತಾರೆ. ಕೋಲೂರಿಕೊಂಡು ಬಂದ ಮುದುಕರೂ ನಗುತ್ತಾರೆ.

ನ್ಯಾಲಿಂಗ್ ನನ್ನ ಪಕ್ಕ ಗೋಡೆಗೆ ಒರಗಿ ಕೂತು ಸೊಂಟ ನೀವಿಕೊಳ್ಳುತ್ತಿದ್ದಾರೆ.

"ನನಗಿಂತ ಚೆನ್ನಾಗಿ ನಗಿಸ್ತಾಳೆ ನೋಡು," ಎನ್ನುತ್ತಾರೆ. "ನನಗೆ ಇಷ್ಟು ಬರೋಕೆ ಐದು ಮಕ್ಕಳು ಹೋಗಬೇಕಾಯ್ತು."