ಮಾವ್ ಕಾಡಿನಂಚಿನ ಒಂದು ಫೋಟೊ

ಈ ಭಾನುವಾರ ಬೆಳಿಗ್ಗೆ ಮೈಸೂರಿನ ಚಿಕ್ಕಮ್ಮ ಕಳಿಸಿದ ಶುಭೋದಯದ ಸಂದೇಶದಲ್ಲಿ ನಾನೇ ತೆಗೆದ ಫೋಟೊ ಇತ್ತು. ಮೂಲೆಯಲ್ಲಿ ಎರಡು ಗುಲಾಬಿ, ಕೆಳಗೆ ಸಂತೃಪ್ತಿಯ ಬಗ್ಗೆ ಹಳದಿ ಅಕ್ಷರದ ಉಪದೇಶ, ನಡುವೆ ತುಪ್ಪಳದ ಹೊದಿಕೆ ಹೊದ್ದು ಮರದ ಕವಲಿನಲ್ಲಿ ಕೂತು ನಗುತ್ತಿರುವ ಒಬ್ಬ ಗಂಡಸು. ಎರಡು ವರ್ಷದ ಹಿಂದೆ ನೈರೋಬಿಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ನಾನು ಹಾಕಿದ್ದ ಆ ಚಿತ್ರ ಯಾರ್ಯಾರದೋ ಫೋನು ಸುತ್ತಿ, ಎಲ್ಲೋ ಗುಲಾಬಿ ಮುಡಿದುಕೊಂಡು, ಇಲ್ಲಿನ ಕಿಲೆಲೆಶ್ವಾ ಬಡಾವಣೆಯ ನನ್ನ ಅಡುಗೆಮನೆಗೇ ವಾಪಸು ಬಂದಿತ್ತು. ಚಿಕ್ಕಮ್ಮನಿಗೆ ಅದು ತಾನೂ ಕಣ್ಣಾರೆ ನೋಡಿದ ಮನುಷ್ಯ ಎಂದು ಹೊಳೆದಿರಲಿಕ್ಕಿಲ್ಲ. ಅಂದು ನನಗೂ ಅದು ಯಾರೆಂದು ಹೊಳೆದಿರಲಿಲ್ಲ. ಆ ಸಂಗತಿಯನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ನಿಮಗೆ ಹೇಳುವುದು ಸುಲಭ, ನಿಮ್ಮ ಮುಖ ನನಗೆ ಕಾಣುವುದಿಲ್ಲವಲ್ಲ.

ನಾನು ಕೆಲಸ ಮಾಡುವುದು ಅಪ್ಪರ್ ಹಿಲ್‌ನ ಒಂದು ಎತ್ತರದ ಕಟ್ಟಡದಲ್ಲಿ, ಜನರಿಗೆ ಒಳ್ಳೆಯದು ಮಾಡುವ ಒಂದು ಸಂಸ್ಥೆಯಲ್ಲಿ. ಒಳ್ಳೆಯದನ್ನು ಮಾಡುವವರು ಬೇರೆ, ನಾನು ಅದರ ವರದಿ ಬರೆಯುವವಳು. ಆ ವರದಿಗಳಲ್ಲಿ ‘ಘನತೆ’ ಎಂಬ ಮಾತು ಪುಟಕ್ಕೊಂದಾದರೂ ಬರುತ್ತದೆ. ಬಾರದಿದ್ದರೆ ನಾನೇ ಸೇರಿಸುತ್ತೇನೆ.

ಚಿಕ್ಕಮ್ಮ ನೈರೋಬಿಗೆ ಬಂದಾಗ ಸಫಾರಿಗೆ ಹೊರಟೆವು. ನಾನು, ಗಂಡ ಸುರೇಶ, ಆಗ ಹತ್ತು ವರ್ಷದವಳಾಗಿದ್ದ ಮಗಳು ಅದಿತಿ, ಚಿಕ್ಕಮ್ಮ. ಕಾರ್ಯಕ್ರಮದ ಹಾಳೆಯಲ್ಲಿ ಎರಡು ದಿನ ಮಸಾಯಿ ಮಾರಾದ ಸಿಂಹ, ಆನೆ, ನೀರಾನೆ. ಮೂರನೆಯ ದಿನ ಊಟಕ್ಕೆ ಮುಂಚೆ ‘ಬೇಟೆಗಾರ ಜನರ ಭೇಟಿ’ ಎಂದಿತ್ತು. ಪ್ರಾಣಿಗಳ ಪಟ್ಟಿಯ ಕೆಳಗೆ, ಅದೇ ಅಕ್ಷರದಲ್ಲಿ, ಅದೇ ಸಾಲಿನಲ್ಲಿ. ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ಅಲ್ಲಿ ಜೇನು ಸಿಗುತ್ತದಂತೆ, ಒಂದು ಬಾಟಲಿ ತೆಗೆದುಕೊಂಡರಾಯಿತು ಅನ್ನಿಸಿತು.

ಸಿಂಹಗಳು ನಿರಾಸೆ ಮಾಡಲಿಲ್ಲ. ಪೊದೆಯ ನೆರಳಲ್ಲಿ ಮಲಗಿದ್ದ ಏಳು ಸಿಂಹಗಳನ್ನು ನೋಡಿ ಚಿಕ್ಕಮ್ಮ, “ಪಾಪ, ಮಲಕ್ಕೊಳ್ಳಿ ಬಿಡ್ರೇ, ಎಷ್ಟ್ ಸಲ ಕ್ಲಿಕ್ ಮಾಡ್ತೀರ,” ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. ಹೊಸ ಕ್ಯಾಮೆರಾ ಕೈಯಲ್ಲಿದ್ದವರಿಗೆ ಕಿವಿ ಸ್ವಲ್ಪ ಮಂದ.

ಮೂರನೆಯ ದಿನ ಮಾವ್ ಎಂಬ ಕಾಡಿನ ಅಂಚಿಗೆ ಬಂದೆವು. ಹೆಸರು ಕೇಳಿ ಚಿಕ್ಕಮ್ಮ ಮಾವಿನ ತೋಪೆಂದುಕೊಂಡಿದ್ದರು. ಅಲ್ಲಿನ ಒಗಿಯೆಕ್ ಜನ ತಲೆಮಾರುಗಳಿಂದ ಬೇಟೆಯಾಡಿ, ಮರದ ಮೇಲೆ ಟೊಳ್ಳು ದಿಮ್ಮಿಗಳನ್ನಿಟ್ಟು ಜೇನು ತೆಗೆದು ಬದುಕಿದವರು. ಈಗ ಕಾಡಿನ ಬಹುಪಾಲು ಅವರ ಕೈಯಲ್ಲಿಲ್ಲ, ಅಂಚಿನಲ್ಲಿ ಜೋಳ ಬೆಳೆದು ದನ ಸಾಕುತ್ತಾರೆ ಎಂದು ನಮ್ಮ ಡ್ರೈವರ್ ದಾರಿಯಲ್ಲೇ ಹೇಳಿದ್ದ. ನಾನು ಅದನ್ನೂ ಕೇಳಿಸಿಕೊಳ್ಳಲಿಲ್ಲ. ತಗಡಿನ ಸೂರು, ನೀರಿನ ಟ್ಯಾಂಕು, ಒಣಹಾಕಿದ ಶಾಲೆಯ ಯೂನಿಫಾರ್ಮು ಚೌಕಟ್ಟಿನೊಳಗೆ ಬಾರದಂತೆ ಎಲ್ಲಿ ನಿಲ್ಲಬೇಕು ಎಂದು ಹುಡುಕುತ್ತಿದ್ದೆ.

ಒಬ್ಬ ಮುದುಕರು ಬೆಂಕಿ ಹೊತ್ತಿಸಿ ತೋರಿಸಿದರು. ಆಮೇಲೆ ತುಪ್ಪಳದ ಟೋಪಿ, ಹೊದಿಕೆ ತೊಟ್ಟ ಒಬ್ಬಾತ ಹೊಗೆಯಾಡುವ ಸೊಪ್ಪಿನ ಕಟ್ಟು ಹಿಡಿದು ಮರ ಹತ್ತಿದ. ಚಿಕ್ಕಮ್ಮ ನನ್ನ ಕಿವಿಯಲ್ಲಿ, “ಇವ್ರು ಮನೇಲೂ ಇದನ್ನೇ ಹಾಕ್ಕೋತಾರೇನೇ? ಸೆಕೆ ಆಗಲ್ವಾ?” ಎಂದು ಕೇಳಿದರು. ನನಗೆ ಚಿಕ್ಕಮ್ಮನ ಪರವಾಗಿ ನಾಚಿಕೆಯಾಯಿತು. ಅಷ್ಟರಲ್ಲಿ ಅದಿತಿ ನನ್ನ ತೋಳು ಜಗ್ಗಿದಳು.

“ಅಮ್ಮಾ, ಅದು ಜೋಸೆಫ್.”

“ಯಾವ ಜೋಸೆಫ್?”

“ನಮ್ ಗೇಟ್ ಜೋಸೆಫ್!”

ಜೋಸೆಫ್ ನಮ್ಮ ಅಪಾರ್ಟ್‌ಮೆಂಟಿನ ಅಸ್ಕಾರಿ, ಎಂದರೆ ಕಾವಲಿನವ. ಮೂರು ವರ್ಷದಿಂದ ದಿನಕ್ಕೆರಡು ಸಲ ನನಗೆ ಗೇಟು ತೆಗೆಯುತ್ತಿದ್ದವನು. ನಾನು ಮಗಳನ್ನು ಪಕ್ಕಕ್ಕೆ ಎಳೆದು ತಗ್ಗಿದ ದನಿಯಲ್ಲಿ ಬೈದೆ: “ಎಲ್ರೂ ಒಂದೇ ಥರ ಕಾಣ್ತಾರೆ ಅಂತ ಯಾವತ್ತೂ ಅನ್ನಬಾರ್ದು. ಎಂಥ ಕೆಟ್ಟ ಮಾತು ಗೊತ್ತಾ ಅದು? ಒಬ್ಬೊಬ್ರನ್ನೂ ಒಬ್ಬೊಬ್ಬ ಮನುಷ್ಯ ಅಂತ ನೋಡೋದು ಕಲಿ.”

ಮಗಳು ನನ್ನ ತೋಳು ಬಿಟ್ಟಳು. ಒಳ್ಳೆಯ ತಾಯಿಯಾದ ತೃಪ್ತಿಯಲ್ಲಿ ನಾನು ಮರದ ಕಡೆ ತಿರುಗಿದೆ. ಆತ ಇಳಿದಿದ್ದ. ತೆಗೆದ ಫೋಟೊ ನೋಡಿದರೆ ಮಣಿಕಟ್ಟಿನಲ್ಲಿ ವಾಚು! ಹಸಿರು ಪ್ಲಾಸ್ಟಿಕ್ ಪಟ್ಟಿ, ಹರಿದಲ್ಲಿ ಕಪ್ಪು ದಾರದಿಂದ ಹೊಲಿದದ್ದು. ನನ್ನ ಮಣಿಕಟ್ಟು ತಟ್ಟಿ, ಬೇಡ ಎಂದು ಕೈಯಾಡಿಸಿ, “ತೆನಾ, ಪ್ಲೀಸ್, ತೆನಾ,” ಎಂದೆ. ಸ್ವಾಹಿಲಿಯಲ್ಲಿ ನನಗೆ ಬರುವ ಹತ್ತು ಮಾತಿನಲ್ಲಿ ಅದೊಂದು, ‘ಇನ್ನೊಮ್ಮೆ’ ಎಂದರ್ಥ. ಆತ ಮುದುಕರ ಮುಖ ನೋಡಿದ. ಮುದುಕರು ತಲೆಯಾಡಿಸಿದರು. ವಾಚು ಬಿಚ್ಚಿ ಎಲ್ಲಿಡುವುದೆಂದು ತೋಚದೆ ನನ್ನ ಕೈಗೇ ಕೊಟ್ಟು ಮತ್ತೆ ಹತ್ತಿದ. ಈ ಸಲ ನಿಧಾನವಾಗಿ. ಆ ವಾಚು ನನ್ನ ಅಂಗೈಯಲ್ಲಿ ಬೆಚ್ಚಗೆ ಟಿಕ್ ಟಿಕ್ ಎನ್ನುತ್ತಿತ್ತು. ಕವಲಿನಲ್ಲಿ ಕೂತು ಆತ ನಕ್ಕ, ನಾನು ಒತ್ತಿದೆ. ಆಮೇಲೂ ಒಮ್ಮೆ ‘ತೆನಾ’ ಎಂದೆನೇನೋ, ನೆನಪಿಲ್ಲ.

ರಾತ್ರಿ ಗುಂಪಿಗೆ ಹಾಕುವಾಗ ‘ಪೇಟೆಯ ಗಾಳಿ ಸೋಕದ ಕಾಡಿನ ಮಗು’ ಎಂದು ಬರೆದೆ. ಒಬ್ಬ ಗಂಡಸನ್ನು ಮಗು ಎಂದು ಬರೆದೆ.

ನೈರೋಬಿಗೆ ಮರಳಿದ ಮೇಲೆ ಆ ಗುರುವಾರ ಆಫೀಸಿಗೆ ಹೊರಟಿದ್ದೆ. ರಜೆ ಮುಗಿಸಿ ಬಂದಿದ್ದ ಜೋಸೆಫ್ ಗೇಟು ತೆಗೆದು, “ಹಬಾರಿ, ಮಾಮಾ,” ಎಂದು ಕೈಯೆತ್ತಿದ. ಇಲ್ಲಿ ಮಕ್ಕಳ ತಾಯಂದಿರನ್ನೆಲ್ಲ ಗೌರವದಿಂದ ಮಾಮಾ ಅನ್ನುತ್ತಾರೆ. ಎತ್ತಿದ ಕೈಯಲ್ಲಿ ಹಸಿರು ಪಟ್ಟಿ, ಕಪ್ಪು ದಾರದ ಹೊಲಿಗೆ.

ಮೊದಲ ಸಲ ಆ ಮುಖ ನೋಡಿದೆ. ಕಿವಿಯ ಪಕ್ಕ ನರೆ, ಬಲಗೆನ್ನೆಯ ಮೇಲೆ ಸಣ್ಣ ಗಾಯದ ಗುರುತು. ಇಲ್ಲಿಯವರೆಗೆ ಏಕವಚನದಲ್ಲೇ ಬರೆದುಕೊಂಡು ಬಂದಿದ್ದೇನೆ, ನೀವು ಗಮನಿಸಿರುತ್ತೀರಿ. ಅವರು ನನಗಿಂತ ಹತ್ತು ವರ್ಷವಾದರೂ ದೊಡ್ಡವರು.

ಆಗಲೇ ಕಾರಿನಿಂದಿಳಿದು ಎರಡು ಮಾತು ಆಡಿದ್ದರೆ ಮುಗಿಯುತ್ತಿತ್ತು. ನಾನು ಗಾಜು ಏರಿಸಿದೆ. ಮರುದಿನದಿಂದ ಗೇಟು ಬರುವ ಹೊತ್ತಿಗೆ ಸರಿಯಾಗಿ ಫೋನು ಕಿವಿಗೆ ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಆ ಕಡೆ ಯಾರೂ ಇಲ್ಲದ ಫೋನಿಗೆ ನಾಲ್ಕು ತಿಂಗಳು “ಹೂಂ, ಹೂಂ” ಎಂದೆ. ಒಂದು ಶನಿವಾರ ಹರ್ಲಿಂಗ್‌ಹ್ಯಾಮ್ ಬಡಾವಣೆಯಿಂದ ಗೆಳತಿ ವೀಣಾ ಬಂದಳು. ಕೆಳಗೆ ಅವಳ ಕಾರಿನ ನಂಬರು ಬರೆದುಕೊಂಡು ಒಳಗೆ ಬಿಟ್ಟವರು ಜೋಸೆಫ್‌. ಮೇಲೆ ಬಂದು ದೋಸೆ ತಿನ್ನುತ್ತಾ ಅವಳು, “ನಿನ್ ಫೋಟೊ ಸೂಪರ್ ಕಣೇ. ಆ ಕಣ್ಣು ನೋಡು, ಕಾರು ಅಂದ್ರೆ ಏನು ಅಂತ್ಲೂ ಗೊತ್ತಿರಲ್ಲ ಪಾಪ,” ಎಂದಳು. ನಾನು, “ಇನ್ನೊಂದ್ ಹಾಕ್ಲಾ?” ಎಂದೆ.

ನಾಲ್ಕು ತಿಂಗಳಿಗೆ ಜೋಸೆಫ್ ಕೆಲಸ ಬಿಟ್ಟು ಊರಿಗೆ ಹೋದರು. ನನಗೆ ಹಗುರವಾಯಿತು. ನಾಚಿಕೆಗಿಂತ ನಾಚಿಕೆಗೇಡು ಆ ಹಗುರ.

ಇವತ್ತು ಆ ಗುಲಾಬಿಯ ಫೋಟೊ ನೋಡುತ್ತಾ ನಿಂತಿದ್ದಾಗ ಅದಿತಿ ಹಾಲಿನ ಲೋಟಕ್ಕೆ ಬಂದಳು. ಎರಡು ವರ್ಷದಿಂದ ಹೇಳದೆ ಉಳಿದದ್ದನ್ನು ಹೇಳಿಬಿಟ್ಟೆ. “ಅದಿತೀ, ಅವತ್ತು ನೀನು ಹೇಳಿದ್ದೇ ಸರಿ. ಅದು ಜೋಸೆಫ್. ಸುಮ್ಸುಮ್ನೆ ಬೈದೆ ನಿನ್ನ.”

“ಐ ನೋ, ಅಮ್ಮಾ,” ಎಂದಳು. ಉಳಿದದ್ದನ್ನೂ ಅವಳ ಅಭ್ಯಾಸದಂತೆ ಇಂಗ್ಲಿಷಿನಲ್ಲೇ ಹೇಳಿದಳು. ಶಾಲೆಯ ವ್ಯಾನಿಗೆ ಕಾಯುವಾಗ ಆ ವಾರವೇ ಅವಳು ಜೋಸೆಫರನ್ನು ಕೇಳಿದಳಂತೆ, ಅವರು ಒಪ್ಪಿಕೊಂಡರಂತೆ. ಬೆಂಕಿ ಹೊತ್ತಿಸಿದ ಮುದುಕರು ಅವರ ತಂದೆ. ಮರ ಹತ್ತುತ್ತಿದ್ದ ತಮ್ಮನಿಗೆ ಕಾಲು ಉಳುಕಿ, ಮೊದಲೇ ಒಪ್ಪಿಕೊಂಡಿದ್ದ ಅತಿಥಿಗಳಿಗೆ ಇಲ್ಲ ಎನ್ನಲಾಗದೆ ತಂದೆ ಇವರನ್ನು ಕರೆಸಿಕೊಂಡಿದ್ದರು. ಇವರು ಮರ ಹತ್ತಿ ಇಪ್ಪತ್ತು ವರ್ಷವಾಗಿತ್ತಂತೆ.

“ನಂಗ್ಯಾಕೆ ಹೇಳ್ಲಿಲ್ಲ ನೀನು?”

“ಅಮ್ಮಂಗೆ ಹೇಳ್ಬೇಡ ಅಂದ್ರು. ನಿಂಗೆ ಗೇಟ್ ದಾಟೋಕೆ ಕಷ್ಟ ಆಗತ್ತೆ ಅಂತ.” ಈ ಮಾತನ್ನು ಮಾತ್ರ, ಯಾಕೋ, ಕನ್ನಡದಲ್ಲಿ ಹೇಳಿದಳು.

ಒಲೆ ಆರಿಸಿದೆ. ಚಪ್ಪಲಿ ಮೆಟ್ಟಿ ಕೆಳಗೆ ಹೋಗಿ ಅಪಾರ್ಟ್‌ಮೆಂಟಿನ ಮೇಲ್ವಿಚಾರಕನನ್ನು ಕೇಳಿದೆ. ಅವನ ಬಳಿ ಜೋಸೆಫರ ನಂಬರು ಇತ್ತು. ಅಲ್ಲೇ ಗೇಟಿನ ಪಕ್ಕ ನಿಂತು ಒತ್ತಿದೆ. ಆ ಕಡೆ ದನದ ಗಂಟೆ, ಯಾರೋ ಮಕ್ಕಳ ಗಲಾಟೆ, ಆಮೇಲೆ ಗುರುತಿನ ದನಿ. “ಯಾರು?” ಎಂದು ಕೇಳಿದರು.

ಹೆಸರು ಹೇಳಲು ಬಾಯಿ ತೆರೆದೆ. ಮೂರು ವರ್ಷದಲ್ಲಿ ಒಮ್ಮೆಯೂ ಅವರಿಗೆ ನನ್ನ ಹೆಸರು ಹೇಳಿರಲಿಲ್ಲ. ಫ್ಲ್ಯಾಟಿನ ನಂಬರು ಹೇಳಲು ಮನಸ್ಸಾಗಲಿಲ್ಲ.

“ನಿಮ್ಮನ್ನು ಎರಡು ಸಲ ಮರ ಹತ್ತಿಸಿದವಳು,” ಎಂದೆ ಇಂಗ್ಲಿಷಿನಲ್ಲಿ.

ತಪ್ಪು ತಿದ್ದುವ ಮೇಷ್ಟರ ಸಮಾಧಾನದಲ್ಲಿ ಅವರು ಹೇಳಿದರು:

“ಎರಡಲ್ಲ, ಮಾಮಾ. ಮೂರು ಸಲ.”