ವಸಿಷ್ಠನ ಪಕ್ಕದ ಚುಕ್ಕೆ

ಕಳೆದ ವರ್ಷ ಏಪ್ರಿಲ್ ಮೂರನೇ ಭಾನುವಾರ ಸಂಜೆ ಎಂಟರ ಹೊತ್ತಿಗೆ, ಕಾರ್ಕಳದಲ್ಲಿ ನನ್ನ ತಂಗಿಯ ಮನೆಯ ತಾರಸಿಯ ಮೇಲೆ ನಿಂತಿದ್ದವರೆಲ್ಲ ಅರುಂಧತಿ ನಕ್ಷತ್ರವನ್ನು ನೋಡಿದರು. ನನ್ನ ಹೆಂಡತಿಗೆ ಅದು ಕಾಣಲಿಲ್ಲ.

ಆ ದಿನ ಬೆಳಿಗ್ಗೆ ತಂಗಿಯ ಮಗನ ಮದುವೆ ನಡೆದಿತ್ತು. ಸಪ್ತಪದಿ ಮುಗಿದ ಮೇಲೆ ಪುರೋಹಿತರು ಮದುಮಕ್ಕಳನ್ನು ಹಾಲ್‌ನ ಹೊರಗಿನ ಅಂಗಳಕ್ಕೆ ಕರೆತಂದು, ಉತ್ತರದ ಕಡೆಗೆ ಕೈಯೆತ್ತಿ, 'ಅರುಂಧತಿ ಕಂಡಿತಾ?' ಎಂದು ಕೇಳಿದ್ದರು. ತಲೆ ಸುಡುವ ಬಿಸಿಲು. ಇಬ್ಬರೂ ಕಣ್ಣು ಕಿರಿದು ಮಾಡಿ 'ಕಂಡಿತು' ಎಂದರು. ನಮ್ಮ ಮದುವೆಯಲ್ಲಿ ನಾವೂ ಹಾಗೆಯೇ ಹೇಳಿದ್ದೆವು. ಹಾಗೆ ಹೇಳುವುದು ಕ್ರಮ. ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ.

ಸಂಜೆ ನಿಜವಾದ ಅರುಂಧತಿಯನ್ನು ತೋರಿಸುತ್ತೇನೆಂದು ಎಲ್ಲರನ್ನೂ ತಾರಸಿಗೆ ಹತ್ತಿಸಿದವಳು ತಂಗಿಯ ಮಗಳು. ಮಣಿಪಾಲದಲ್ಲಿ ಓದುತ್ತಾಳೆ. ಅವಳ ಫೋನಿನಲ್ಲಿ ನಕ್ಷತ್ರ ಗುರುತಿಸುವ ಆ್ಯಪ್ ಇತ್ತು. ಫೋನನ್ನು ಆಕಾಶದ ಯಾವ ಕಡೆಗೆ ಹಿಡಿದರೂ ಅಲ್ಲಿನ ನಕ್ಷತ್ರಗಳು ಹೆಸರಿನ ಸಮೇತ ತೆರೆಯ ಮೇಲೆ ಬರುತ್ತವೆ. ದಿಕ್ಕು ಸರಿಹೋಗಲು ಮೊದಲು ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಬೀಸಬೇಕು. ಅವಳು ಬೀಸಿದಳು.

'ಎಂತ, ಆರತಿ ಎತ್ತುದಾ?' ಎಂದರು ದೊಡ್ಡಮ್ಮ. ನನ್ನ ತಾಯಿಯ ಅಕ್ಕ, ಎಂಬತ್ತು ದಾಟಿದವರು. ನಾವು ಮನೆಯಲ್ಲಿ ಆಡುವುದು ತುಳು. ಓದುವವರಿಗಾಗಿ ಆ ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಮೇಲೆ ಬಂದಿತ್ತು. ಅದರ ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಒತ್ತಿಕೊಂಡ ಸಣ್ಣ ಚುಕ್ಕೆಯೇ ಅರುಂಧತಿ. ಫೋನನ್ನು ಕೈಯಿಂದ ಕೈಗೆ ದಾಟಿಸುತ್ತ, ತೆರೆಯನ್ನೊಮ್ಮೆ ಆಕಾಶವನ್ನೊಮ್ಮೆ ನೋಡುತ್ತ, ಒಬ್ಬೊಬ್ಬರಾಗಿ 'ಹೌದೌದು, ಎರಡುಂಟು' ಎಂದರು. ಕಣ್ಣಿನ ಪೊರೆ ತೆಗೆಸಿಕೊಂಡು ಹೊಸ ಲೆನ್ಸ್ ಹಾಕಿಸಿಕೊಂಡಿದ್ದ ದೊಡ್ಡಮ್ಮ ಫೋನ್ ಮುಟ್ಟದೆಯೇ ನೋಡಿದರು. 'ಇಷ್ಟು ದೊಡ್ಡದು ಕಾಣ್ಲಿಕ್ಕೆ ಮೊಬೈಲ್ ಯಾಕೆ ಮಾರಾಯ್ತಿ?'

ಹೆಂಡತಿಯ ಸರದಿ ಕೊನೆಗೆ ಬಂತು. ಅವಳು ತುಂಬ ಹೊತ್ತು ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು.

'ಒಂದೇ ಉಂಟಲ್ಲ' ಎಂದಳು.

'ಸರಿ ನೋಡಿ ಅತ್ತೆ. ಪಕ್ಕದಲ್ಲೇ.'

'ಒಂದೇ.'

ದೊಡ್ಡಮ್ಮ ಹೇಳಿಬಿಟ್ಟರು: 'ಅರುಂಧತಿ ಕಾಣದವರಿಗೆ ಆರು ತಿಂಗಳು ಅಂತ ನನ್ನ ಅಜ್ಜ ಹೇಳ್ತಿದ್ರು.'

'ಅಜ್ಜಿ, ಸುಮ್ಮನಿರಿ ನೀವು!' ಎಂದಳು ತಂಗಿಯ ಮಗಳು. ಯಾರೋ ನಕ್ಕರು. ಕೆಳಗಿನಿಂದ ಊಟಕ್ಕೆ ಕರೆದರು. ಎಲ್ಲರೂ ಇಳಿದ ಮೇಲೂ ಹೆಂಡತಿ ಅಲ್ಲಿಯೇ ನಿಂತಿದ್ದಳು.

ನಾನು ಸುದ್ದಿಮನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾವ ಮಾತು ಬಂದರೂ ಮೂಲ ಯಾವುದು ಎಂದು ಕೇಳುವ ಅಭ್ಯಾಸ ಹೋಗಿಲ್ಲ. ಊಟದ ನಂತರ ದೊಡ್ಡಮ್ಮನನ್ನು ಬದಿಗೆ ಕರೆದು ಕೇಳಿದೆ.

'ಅಜ್ಜ ಹೇಳಿದ್ದು ಹೌದು. ಹಾಗೆ ಯಾರಿಗಾದರೂ ಆದದ್ದು ಉಂಟಾ?'

'ಅವರಿಗೇ ಆಯ್ತಲ್ಲ. ನಕ್ಷತ್ರ ಕಾಣುದಿಲ್ಲ ಅಂದ್ರು, ದೀಪಾವಳಿಗೆ ಮುಂಚೆ ಹೋದ್ರು.'

'ಆಗ ಅವರಿಗೆ ಎಷ್ಟು ವರ್ಷ?'

'ತೊಂಬತ್ತರ ಮೇಲೆ. ಯಾಕೆ?'

ಹೆಂಡತಿಗೆ ಆಗ ಐವತ್ತಾರು. ದೊಡ್ಡಮ್ಮನ ಉತ್ತರವನ್ನು ಅವಳಿಗೆ ಹೇಳಿದಾಗ ಅವಳೂ ನಕ್ಕಳು. ಮನೆಗೆ ಹೊರಟೆವು. ಕಾರು ಓಡಿಸುವವಳು ಅವಳೇ. ಪಾಳಿಯ ಕೆಲಸದಲ್ಲಿ ಇಡೀ ಆಯುಷ್ಯ ಕಳೆದ ನಾನು ಕಲಿತದ್ದು ತಡವಾಗಿ, ಓಡಿಸಿದ್ದು ಕಡಿಮೆ. ಕಾರ್ಕಳ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ, ಒಂದು ತಿರುವಿನಲ್ಲಿ, ಎಡಗಡೆಯ ಚಕ್ರ ಡಾಂಬರು ಬಿಟ್ಟು ಜಲ್ಲಿಗೆ ಇಳಿಯಿತು. ಅವಳು ಮೇಲಕ್ಕೆ ಎಳೆದುಕೊಂಡಳು. ಮುಂದೆ ಇನ್ನೊಮ್ಮೆ ಹಾಗೆಯೇ ಆಯಿತು.

'ಏನಾಯ್ತು?'

'ಎದುರಿನವನ ಲೈಟು.'

ಎದುರಿನಿಂದ ಯಾವ ವಾಹನವೂ ಬಂದಿರಲಿಲ್ಲ.

ಅಂದಿನಿಂದ ನನಗೆ ಹೆದರಿಕೆ ಶುರುವಾಯಿತು. ಅವಳದು ಆರು ತಿಂಗಳ ಹೆದರಿಕೆ ಎಂದು ನನಗೆ ಗೊತ್ತಿತ್ತು. ನನ್ನದು ಬೇರೆ. ಹಿಂದೆ ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳದ ವಿಷಯಗಳು ನೆನಪಿಗೆ ಬರತೊಡಗಿದವು. ಗೇಟಿನ ಎಡ ಕಂಬಕ್ಕೆ ಕಾರು ಎರಡು ಸಲ ತಾಗಿತ್ತು. ಬಡಿಸುವಾಗ ಸಾರು ಬಟ್ಟಲಿನ ಅಂಚಿಗೆ ಬೀಳುತ್ತಿತ್ತು. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಬೆಚ್ಚಿ ಬೀಳುತ್ತಿದ್ದಳು. ಇವೆಲ್ಲ ಬಿಡಿ ಸುದ್ದಿಗಳಾಗಿ ಬಂದಿದ್ದವು. ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಅವಳು ಕಾಪುವಿನ ಒಂದು ಸಹಕಾರಿ ಸಂಘದಲ್ಲಿ ಮ್ಯಾನೇಜರ್. ನಮ್ಮ ಮನೆ ಕಲ್ಯಾಣಪುರದಲ್ಲಿ. ದಿನಾ ಹೆದ್ದಾರಿಯಲ್ಲಿ ಹೋಗಿ, ಕತ್ತಲಾದ ಮೇಲೆ ಬರುತ್ತಿದ್ದಳು. ಕಣ್ಣು ತೋರಿಸುವ ಎಂದೆ. 'ಆಡಿಟ್ ಮುಗಿಯಲಿ' ಎಂದಳು. ಮರುದಿನದಿಂದ ನಾನೂ ಅವಳ ಜೊತೆ ಕಾರಿನಲ್ಲಿ ಹೋಗತೊಡಗಿದೆ. ಕಾಪುವಿನ ಸಮುದ್ರತೀರದಲ್ಲಿ ನಡೆಯಲಿಕ್ಕೆ ಎಂದು ಕಾರಣ ಹೇಳಿದೆ.

'ನಮ್ಮ ಹತ್ತಿರ ಸಮುದ್ರ ಇಲ್ವಾ?'

'ಅಲ್ಲಿ ದೀಪಸ್ತಂಭ ಉಂಟು.'

'ನನ್ನನ್ನು ಕಾಯ್ಲಿಕ್ಕೆ ಬರುದು ಅಂತ ಹೇಳಿ ಮಾರಾಯ್ರೆ.'

ಸಂಜೆ ಮನೆಗೆ ಬಂದವಳು ಕಾಲು ತೊಳೆದು ನೇರ ತಾರಸಿಗೆ ಹೋಗುತ್ತಿದ್ದಳು. ತಂಗಿಯ ಮಗಳಿಂದ ಅದೇ ಆ್ಯಪ್ ಹಾಕಿಸಿಕೊಂಡಿದ್ದಳು. ನಮ್ಮ ಉತ್ತರಕ್ಕೆ ಸ್ವರ್ಣಾ ನದಿ. ಆ ಕಡೆ ಕತ್ತಲೆ ಚೆನ್ನಾಗಿರುತ್ತದೆ. ನಾನು ಮೆಟ್ಟಿಲ ಬುಡದಲ್ಲಿ ನಿಂತರೆ ತೆರೆಯ ಬೆಳಕು ಅವಳ ಗಲ್ಲದ ಮೇಲೆ ಬಿದ್ದದ್ದು ಕಾಣುತ್ತಿತ್ತು. ಫೋನ್ ಎತ್ತುತ್ತಾಳೆ, ಇಳಿಸುತ್ತಾಳೆ, ಆಕಾಶ ನೋಡುತ್ತಾಳೆ, ಮತ್ತೆ ಎತ್ತುತ್ತಾಳೆ.

ಮೇ ತಿಂಗಳ ಕೊನೆಯ ವಾರ ಒಂದು ಸಂಜೆ ಅವಳು ಬೇಗ ಇಳಿದು ಬಂದಳು. ಮುಖ ಗೆಲುವಾಗಿತ್ತು.

'ಕಂಡಿತು.'

'ಹೌದಾ? ಎಲ್ಲಿ?'

'ವಸಿಷ್ಠನ ಕೆಳಗೆ, ಸ್ವಲ್ಪ ಬಲಕ್ಕೆ. ಸ್ಪಷ್ಟ ಉಂಟು.'

ಅವಳು ಒಲೆ ಹಚ್ಚಿದ ಮೇಲೆ ನಾನು ಮೇಲೆ ಹೋದೆ. ನದಿಯ ಮೇಲಿನಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಉತ್ತರದಿಂದ ನೆತ್ತಿಯವರೆಗೆ ಒಂದೇ ಮೋಡ. ನನಗೆ ಒಂದು ನಕ್ಷತ್ರವೂ ಕಾಣಲಿಲ್ಲ. ಅವಳ ಫೋನ್ ಕುರ್ಚಿಯ ಮೇಲೆ ಉಳಿದಿತ್ತು. ಎತ್ತಿ ಹಿಡಿದೆ. ಆ್ಯಪ್‌ಗೆ ಮೋಡ ಗೊತ್ತಿಲ್ಲ. ತೆರೆಯ ಮೇಲೆ ಏಳೂ ಋಷಿಗಳು ಹೊಳೆಯುತ್ತಿದ್ದರು. ಅರುಂಧತಿ ವಸಿಷ್ಠನ ಕೆಳಗೆ, ಸ್ವಲ್ಪ ಬಲಕ್ಕೆ ಇತ್ತು.

ಕೆಳಗೆ ಬಂದು ಊಟಕ್ಕೆ ಕುಳಿತೆ. ಅವಳು ಎರಡು ಸಲ ಅನ್ನ ಹಾಕಿಕೊಂಡಳು. ಕೆಲವು ವಾರಗಳಿಂದ ಹಾಗೆ ಉಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಪುವಿಗೆ ಹೋಗುವಾಗ, ಇನ್ನಂಜೆ ಕಡೆಯ ರಸ್ತೆ ಹೆದ್ದಾರಿಗೆ ಸೇರುವಲ್ಲಿ, ಎಡಗಡೆಯಿಂದ ಒಂದು ಸ್ಕೂಟರ್ ಬಂತು. ಹಾಲಿನ ಕ್ಯಾನ್ ಕಟ್ಟಿಕೊಂಡವನು. ನಾನು ಎಡಗಡೆಯ ಸೀಟಿನಲ್ಲಿದ್ದೆ. ಅವನು ನನಗೆ ಬಹಳ ಮುಂಚೆಯೇ ಕಂಡಿದ್ದ. ಅವಳಿಗೂ ಕಂಡಿದ್ದಾನೆ ಎಂದುಕೊಂಡೆ. ಕಾರಿನ ವೇಗ ಇಳಿಯಲಿಲ್ಲ. ನಾನು ಕೂಗಿದೆ. ಬ್ರೇಕ್ ಬಿತ್ತು. ಸ್ಕೂಟರ್ ಬಂಪರಿನ ಎದುರು ಅಡ್ಡವಾಯಿತು. ಕ್ಯಾನ್ ಉರುಳಿ ಹಾಲು ಡಾಂಬರಿನ ಮೇಲೆ ಹರಿಯಿತು. ಅವನಿಗೆ ಪೆಟ್ಟಾಗಿರಲಿಲ್ಲ. ಎದ್ದು ಬಂದು ಅವಳ ಕಿಟಕಿಗೆ ಬಡಿದ.

'ಎಂತ ಅಕ್ಕ, ಕಣ್ಣು ಕಾಣುದಿಲ್ವಾ ನಿಮಗೆ?'

ಅವಳು ಕಿಟಕಿ ಇಳಿಸಿದಳು. ಅವನ ಮುಖವನ್ನೇ ನೋಡಿದಳು. ಆಮೇಲೆ, 'ಇಲ್ಲ' ಎಂದಳು.

ಅವನು ನನ್ನ ಕಡೆ ನೋಡಿ, 'ನೀವಾದ್ರೂ ಹೇಳುದಲ್ವಾ ಸಾರ್' ಎಂದ. ಅವಳು ಇಳಿದು ಕಾರನ್ನು ಸುತ್ತಿ ಬಂದು ನನ್ನ ಬಾಗಿಲು ತೆರೆದಳು. 'ನೀವು ಬಿಡಿ.' ಉಳಿದ ದಾರಿಯನ್ನು ನಾನು ಎರಡನೇ ಗೇರಿನಲ್ಲಿ ಓಡಿಸಿದೆ. ಹಿಂದಿನವರೆಲ್ಲ ಹಾರ್ನ್ ಹಾಕಿದರು.

ಜೂನ್ ಮೊದಲ ವಾರ ಮಣಿಪಾಲದಲ್ಲಿ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಹೊರಗೆ ಮಳೆ ಹಿಡಿದಿತ್ತು. ವೈದ್ಯರು ಕಣ್ಣಿನ ಒತ್ತಡ ನೋಡಿ, ಫೀಲ್ಡ್ ಟೆಸ್ಟ್ ಎಂಬ ಪರೀಕ್ಷೆಗೆ ಬರೆದುಕೊಟ್ಟರು. ಕತ್ತಲೆ ಕೋಣೆ. ಅರ್ಧ ಕತ್ತರಿಸಿದ ದೊಡ್ಡ ಬಿಳಿ ಚೆಂಡಿನಂಥ ಯಂತ್ರದ ಒಳಗೆ ಮುಖವಿಟ್ಟು, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೋ ಒಂದು ಕಡೆ ಸಣ್ಣ ಬೆಳಕಿನ ಚುಕ್ಕೆ ಮಿನುಗಿ ಮಾಯವಾಗುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಒಮ್ಮೆಗೆ ಒಂದೇ ಕಣ್ಣು. ನನಗೆ ಮೂಲೆಯ ಸ್ಟೂಲಿನಲ್ಲಿ ಕೂರಲು ಬಿಟ್ಟರು.

ಚುಕ್ಕೆಗಳು ನನಗೆ ಕಾಣುತ್ತಿರಲಿಲ್ಲ. ಗುಂಡಿಯ ಸದ್ದು ಮಾತ್ರ ಕೇಳುತ್ತಿತ್ತು. ಟಿಕ್, ಟಿಕ್, ಟಿಕ್. ಒಂದೇ ಲಯದಲ್ಲಿ, ಎಲ್ಲಿಯೂ ತಪ್ಪದೆ. ನನಗೆ ಧೈರ್ಯ ಬಂತು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಯಂತ್ರ ನಿಲ್ಲಿಸಿದಳು.

'ಅಮ್ಮ, ಕಂಡರೆ ಮಾತ್ರ ಒತ್ತಿ. ಅಂದಾಜಲ್ಲಿ ಒತ್ತಬೇಡಿ.'

'ಕಂಡೇ ಒತ್ತಿದ್ದು.'

'ಇಲ್ಲಮ್ಮ. ಚುಕ್ಕೆಯೇ ಬಿಡದಾಗಲೂ ಒತ್ತಿದ್ದೀರಿ. ಮೆಷಿನ್ ನಡುನಡುವೆ ಹಾಗೆ ನೋಡ್ತದೆ. ಸುಮ್ಮನೆ ಒತ್ತಿದ್ರೆ ಗೊತ್ತಾಗ್ತದೆ ಅದಕ್ಕೆ. ಮೊದಲಿನಿಂದ ಮಾಡುವ, ಆಯ್ತಾ?'

ಹೆಂಡತಿ ಯಂತ್ರದಿಂದ ಮುಖ ತೆಗೆದು ನಾನಿದ್ದ ಕಡೆ ತಿರುಗಿದಳು. ಕತ್ತಲಲ್ಲಿ ಮುಖ ಕಾಣಲಿಲ್ಲ. 'ಆಯ್ತು' ಎಂದು ಮತ್ತೆ ಗಲ್ಲ ಇಟ್ಟಳು.

ಎರಡನೇ ಸಲ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಶುರು ಮಾಡಿದರು. ಟಿಕ್. ಆಮೇಲೆ ಏನೂ ಇಲ್ಲ. ಯಂತ್ರದ ಒಳಗಿನ ಮೋಟಾರು ತಿರುಗುವುದು ಕೇಳುತ್ತಿತ್ತು, ಚುಕ್ಕೆಗಳು ಬರುತ್ತಿದ್ದವು. ಟಿಕ್. ಮತ್ತೆ ಏನೂ ಇಲ್ಲ. ನಾನು ಮುಂದಿನ ಟಿಕ್‌ಗೆ ಕಾದೆ. ಅದು ಬರಲಿಲ್ಲ. ಚುನಾವಣೆಯ ರಾತ್ರಿಗಳಲ್ಲಿ, ಅಪಘಾತದ ಸುದ್ದಿ ದೃಢವಾಗುವ ಹೊತ್ತಿನಲ್ಲಿ ಎಷ್ಟೋ ಸಲ ಕಾದಿದ್ದೇನೆ. ಆ ಕೋಣೆಯಲ್ಲಿ ಕಾದಂತೆ ಎಲ್ಲಿಯೂ ಕಾದಿಲ್ಲ.

ಯಂತ್ರ ಅಚ್ಚು ಹಾಕಿ ಕೊಟ್ಟ ನಕ್ಷೆಯಲ್ಲಿ ಕಾಣದ ಕಡೆಯೆಲ್ಲ ಕಪ್ಪು. ಎಡಗಣ್ಣಿನದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿತ್ತು. ಕಪ್ಪು ನಡುವಿನ ಹತ್ತಿರದವರೆಗೆ ಬಂದಿತ್ತು. ಬಲಗಣ್ಣಿನದು ಬಹುಪಾಲು ಬಿಳಿ. ಗ್ಲಾಕೋಮಾ ಎಂದರು ವೈದ್ಯರು. 'ಹೋದದ್ದು ವಾಪಸು ಬರುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವ. ದಿನಾ ಡ್ರಾಪ್ಸ್, ಒಂದು ದಿನವೂ ತಪ್ಪಬಾರದು. ಡ್ರೈವಿಂಗ್ ಬೇಡ.'

ಹೆಂಡತಿ ಕೇಳಿದಳು: 'ಅರುಂಧತಿ ಕಾಣದ್ದು ಇದರಿಂದಲಾ ಡಾಕ್ಟ್ರೆ?'

ವೈದ್ಯರಿಗೆ ಮೊದಲು ಅರ್ಥವಾಗಲಿಲ್ಲ. ನಾನು ವಿವರಿಸಿದೆ. 'ಅದಕ್ಕೆ ನಿಮ್ಮ ಹಳೆ ಕನ್ನಡಕವೇ ಸಾಕು' ಎಂದರು. 'ಮೊಬೈಲ್ ಬೆಳಕು ನೋಡಿ ಆ ಕೂಡಲೆ ಆಕಾಶ ನೋಡಿದ್ರೆ ನನಗೂ ಕಾಣ್ಲಿಕ್ಕಿಲ್ಲ. ಇದು ಹಾಗಲ್ಲ. ಇದು ಬದಿಯಿಂದ ತಿನ್ನುತ್ತಾ ಬರುದು. ಬಂದದ್ದೇ ಗೊತ್ತಾಗುದಿಲ್ಲ.' ಆಮೇಲೆ ಚೀಟಿಯಲ್ಲಿ ಬರೆಯುತ್ತ ಹೇಳಿದರು: 'ತಿಂಗಳಿಗೊಮ್ಮೆ ಪ್ರೆಶರ್ ನೋಡುವ. ಈ ಟೆಸ್ಟ್ ಆರು ತಿಂಗಳ ನಂತರ.'

ಆರು ತಿಂಗಳು ಎಂದಾಗ ಅವಳು ನನ್ನ ಕೈ ಹಿಡಿದಳು.

ಮಳೆಗಾಲವಿಡೀ ಆಕಾಶ ಕಾಣಲಿಲ್ಲ. ಅವಳು ಕಿಟಕಿಯ ಒಳಗಿನಿಂದಲೇ ಫೋನ್ ಎತ್ತಿ ಅರುಂಧತಿ ಎಲ್ಲಿದೆ ಎಂದು ನೋಡುತ್ತಿದ್ದಳು. ತಿಂಗಳು ಕಳೆದಂತೆ ಅದು ವಾಯವ್ಯಕ್ಕೆ ಜಾರಿತು. ಅಕ್ಟೋಬರ್‌ನಲ್ಲಿ ಕತ್ತಲಾಗುವ ಹೊತ್ತಿಗೆ ತೆರೆಯ ಮೇಲಿನ ದಿಗಂತದ ಗೆರೆಗಿಂತಲೂ ಕೆಳಗಿತ್ತು. ನೋಡಬೇಕಾದರೆ ಫೋನನ್ನು ನೆಲದ ಕಡೆಗೆ ಬಗ್ಗಿಸಬೇಕಿತ್ತು. ಅವಳು ಬಗ್ಗಿಸಿ ನೋಡುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆರು ತಿಂಗಳು ತುಂಬಿದ ಆ ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಫೋನ್ ಬಂತು.

'ಅವಳು ಎಂತ ಮಾಡ್ತಿದ್ದಾಳೆ?'

'ದೋಸೆ ಹೊಯ್ತಿದ್ದಾಳೆ.'

'ಸರಿ ಹಾಗಾದ್ರೆ' ಎಂದು ಇಟ್ಟುಬಿಟ್ಟರು.

ಡಿಸೆಂಬರ್ ಪರೀಕ್ಷೆಯಲ್ಲಿ ಬಲಗಣ್ಣು ಇದ್ದ ಹಾಗೆಯೇ ಇತ್ತು. ಎಡಗಣ್ಣಿನ ಕಪ್ಪು ಇನ್ನಷ್ಟು ಹರಡಿತ್ತು. ಡ್ರಾಪ್ಸ್ ಬದಲಾಯಿಸಿದರು. ಕಾರನ್ನು ನಾನು ಓಡಿಸುತ್ತೇನೆ. ಪಕ್ಕದಲ್ಲಿ ಕುಳಿತು, 'ಎತ್ತಿನ ಗಾಡಿ ಬಂತು, ದಾರಿ ಬಿಡಿ' ಎಂದು ಅವಳು ತಮಾಷೆ ಮಾಡುತ್ತಾಳೆ.

ಈ ವರ್ಷ ಮಾರ್ಚ್ ಕೊನೆಗೆ ಸಪ್ತರ್ಷಿ ಮಂಡಲ ಸಂಜೆಯ ಆಕಾಶಕ್ಕೆ ಮತ್ತೆ ಬಂತು. ಅವಳು ಹೊಸ ಕನ್ನಡಕ ಹಾಕಿಕೊಂಡು, ಫೋನನ್ನು ಅಡುಗೆಮನೆಯಲ್ಲಿಯೇ ಬಿಟ್ಟು ತಾರಸಿಗೆ ಹೋದಳು. ನಾನೂ ಹೋದೆ. ದೀಪ ಹಾಕದೆ ಸ್ವಲ್ಪ ಹೊತ್ತು ಕುಳಿತೆವು.

'ಎರಡುಂಟು' ಎಂದಳು.

'ಯಾವ ಬದಿಗೆ?'

'ಎಂತ, ನಿಮ್ಮ ಪೇಪರಿಗೆ ಬೇಕಾ?' ಎಂದು ಬೆರಳಿನಿಂದ ತೋರಿಸಿದಳು. ಸರಿಯಾಗಿತ್ತು. ಆಮೇಲೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಕುತ್ತಿಗೆಯನ್ನು ನಿಧಾನ ಆ ಕಡೆ ಈ ಕಡೆ ತಿರುಗಿಸಿದಳು.

'ಈಗ ವಸಿಷ್ಠನೂ ಇಲ್ಲ.'

ಜೂನ್ ಎರಡನೇ ವಾರ ಮೂರನೇ ಪರೀಕ್ಷೆ ನಡೆಯಿತು. ಅಂದಾಜಿನಲ್ಲಿ ಒತ್ತಿದ್ದು ಒಂದೂ ಇಲ್ಲ ಎಂದು ವರದಿಯಲ್ಲಿದೆ. ಬಲಗಣ್ಣಿನ ನಕ್ಷೆಯ ಮೇಲಂಚಿನಲ್ಲಿ ಮೊದಲ ಬಾರಿಗೆ ಒಂದು ಕಪ್ಪು ಚೌಕ ಬಂದಿದೆ. ಅದು ನಿಜವೋ ಆಯಾಸದಿಂದ ಆದದ್ದೋ ತಿಳಿಯಲು ಆ ಕಣ್ಣನ್ನು ಇನ್ನೊಮ್ಮೆ ಪರೀಕ್ಷಿಸಬೇಕು ಎಂದು ವೈದ್ಯರು ಹೇಳಿದ್ದಾರೆ. ಬರುವ ಬುಧವಾರ ಬೆಳಿಗ್ಗೆ ಮಣಿಪಾಲಕ್ಕೆ ಬರಲು ಹೇಳಿದ್ದಾರೆ.