ಓಡೆಲ್‌ನ ನೆಗ್ಗು

ಹೊದಿಕೆ ಸರಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ನೆಟಾ ಗೇನ್ಸ್ ಮಾತ್ರ ಊರುಗೋಲೆತ್ತಿ ಕಾರಿನ ಬಲಬಾಗಿಲಿಗೆ ತಿವಿದು, "ಇದು ಯಾರ ಬಾಗಿಲು?" ಅಂದಳು.

ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ಲ್ಯಾನ್ಸಿಂಗ್‌ನಲ್ಲಿರುವ ಅಣ್ಣನ ಮಗಳ ಮನೆಯಲ್ಲಿ ಅರ್ಧ ಬೇಸಿಗೆ ಕಳೆದು ಅವಳು ಕಾರು ಕಾರ್ಖಾನೆಗಳ ಊರಾದ ಫ್ಲಿಂಟ್‌ಗೆ ಮರಳಿದ್ದು ಆವತ್ತೇ. ಮನೆ ಮುಂದೆ 'ಥರ್ಡ್ ಶಿಫ್ಟ್' ಕಾರ್ ಕ್ಲಬ್ಬಿನವರು ಗುಂಪುಗೂಡಿದ್ದರು. ಬಹುಪಾಲು ಕಾರ್ಖಾನೆಗಳಿಂದ ನಿವೃತ್ತರಾದ ಮುದುಕರು, ಹೊಟ್ಟೆಯ ಮೇಲೆ ಕ್ಲಬ್ಬಿನ ಟೀ ಶರ್ಟ್ ಬಿಗಿದುಕೊಂಡವರು. ಒಬ್ಬನ ಕೈಯಲ್ಲಿ ಕೇಕು. ನಡುವೆ ಅವಳ ಅರವತ್ತೆಂಟರ ಮಾಡೆಲ್ ಕಾರು, ಪಾಂಟಿಯಾಕ್ ಜಿಟಿಓ. ಮಾಸಿದ ಹಸಿರು ಹೋಗಿ ಹೊಸ ಕಡುಹಸಿರು ಬಂದಿತ್ತು. ಅದರ ಮೈಯಲ್ಲಿ ಅಷ್ಟೂ ಜನರ ಮುಖ ಕಾಣುತ್ತಿತ್ತು.

"ಯಾರದ್ದು ಅಂದ್ರೆ? ನಿಂದೇ!" ಎಂದ ಮರ್ಲ್ ಸ್ಟಾಡ್ನಿಕ್. ಕ್ಲಬ್ಬಿನ ಅಧ್ಯಕ್ಷ, ಟಿಂಕರಿಂಗ್ ಕೆಲಸದಲ್ಲಿ ಜಿಲ್ಲೆಗೇ ಹೆಸರಾದವನು. "ಎಲ್ಲಾ ಸೇರಿ ಮಾಡಿದ್ವಿ, ನೆಟ್ಟಾ. ನಿನ್ ಹತ್ರ ಒಂದು ಸೆಂಟೂ ಮುಟ್ಟಲ್ಲ. ಅಳು ಬಂದ್ರೆ ಅತ್ಬಿಡು, ನಾವು ಆ ಕಡೆ ತಿರುಗ್ತೀವಿ."

ಮುದುಕರು ನಕ್ಕರು.

"ನೆಗ್ಗು ಎಲ್ಲೋ?"

"ಹೋಯ್ತು! ಬೆರಳಾಡಿಸಿ ನೋಡು. ಎಲ್ಲಿತ್ತು ಅಂತ ನಿಂಗೇ ಗೊತ್ತಾಗಲ್ಲ."

"ನಂಗೆ ಗೊತ್ತಾಗಲ್ವಾ?" ಆರ್ನೆಟಾ ಬಾಗಿಲಿನ ನಡುವಿಗೆ ಅಂಗೈ ಅಪ್ಪಳಿಸಿದಳು. "ಇಲ್ಲಿ ನಮ್ಮಣ್ಣನ ಸೊಂಟ. ಇಲ್ಲಿ ಅವನ ಮೊಣಕೈ. ನಿನ್ ಕಣ್ಣೇನು ಎಣ್ಣೆ ಕ್ಯಾನಲ್ಲಿ ಬಿದ್ದಿತ್ತಾ? ಹೋಗಿ ಎಲ್ಲಾರೂ ಇಲ್ಲಿಂದ. ಆ ಕೇಕೂ ಎತ್ಕೊಂಡು ಹೋಗಿ."

ಮೊದಲು ತಮಾಷೆ ಅಂದುಕೊಂಡರು. ಊರುಗೋಲು ಎರಡನೇ ಸಲ ಮೇಲೆದ್ದಾಗ ಹೊರಟರು.

ಪ್ರೀತಿಯಿಂದ ಮಾಡಿದ ಅನ್ಯಾಯಕ್ಕೆ ಬೈಯುವುದು ಕಷ್ಟ ಅನ್ನುತ್ತಾರೆ. ಆರ್ನೆಟಾಗೆ ಕಷ್ಟವಾಗಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೂ ಬೈದಳು.

ಅವಳು ಅರ್ಕನ್ಸಾದ ಹತ್ತಿ ಹೊಲಗಳಿಂದ ಅಪ್ಪ ಅಮ್ಮನ ಜೊತೆ ಬಸ್ಸು ಹತ್ತಿ ಬಂದವಳು. ಓಡೆಲ್ ಅಣ್ಣ, ಇವಳು ತಂಗಿ. ಇಬ್ಬರೂ ಬ್ರಾಂಟ್ ಆಕ್ಸಲ್ ಕಾರ್ಖಾನೆ ಸೇರಿದರು. ಇವಳು ಗೇರಿನ ಹಲ್ಲು ಕೊರೆಯುವ ಯಂತ್ರದ ಮುಂದೆ ನಿಂತು ಯೌವನ ಸವೆಸಿದಳು. ಓಡೆಲ್ ಕೈಗೆ ನಾಲ್ಕು ಕಾಸು ಬಂದದ್ದೇ ಈ ಜಿಟಿಓ ಕೊಂಡ. ಹೆಂಡತಿಗಿಂತ ಜಾಸ್ತಿ ಇದನ್ನೇ ಉಜ್ಜುತ್ತಾನೆ ಅಂತ ಹೆಂಡತಿಯೇ ಬೀದಿಯಲ್ಲಿ ನಿಂತು ಬೈಯುತ್ತಿದ್ದಳು.

ಆಮೇಲೆ ಮುಷ್ಕರ ಬಂತು. ಕಂಪನಿಯವರು ಸಂಬಳ ಕತ್ತರಿಸಿದರು, ಹೊರಗಿನಿಂದ ಬಾಡಿಗೆ ಆಳುಗಳನ್ನು ಬಸ್ಸಿನಲ್ಲಿ ತುಂಬಿ ತಂದರು. ಬಸ್ಸು ಒಳಗೆ ಹೋಗದಂತೆ ಕೆಲಸಗಾರರು ತಮ್ಮ ಕಾರುಗಳನ್ನೇ ಗೇಟಿಗೆ ಅಡ್ಡ ನಿಲ್ಲಿಸಿದರು. ಉಜ್ಜಿ ಉಜ್ಜಿ ಇಟ್ಟ ಜಿಟಿಓವನ್ನು ಓಡೆಲ್ ಎಲ್ಲಕ್ಕಿಂತ ಮುಂದೆ ತಂದು ನಿಲ್ಲಿಸಿ, ಅದರ ಬಲಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಬಸ್ಸು ಬಂತು. ನಿಲ್ಲುತ್ತದೆ ಅಂದುಕೊಂಡರು. ನಿಲ್ಲಲಿಲ್ಲ. ಓಡಿಯೂ ಬರಲಿಲ್ಲ, ದನ ತಳ್ಳಿದ ಹಾಗೆ ನಿಧಾನಕ್ಕೆ, ಜನ ಕೂಗುತ್ತಿರುವಾಗಲೇ, ಓಡೆಲ್‌ನನ್ನು ಬಾಗಿಲಿಗೆ ಒತ್ತಿತು. ತಗಡು ಒಳಗೆ ಹೋಯಿತು, ಸೊಂಟದ ಮೂಳೆ ಮುರಿಯಿತು. ಆ ಸದ್ದನ್ನು ಆರ್ನೆಟಾ ಪಕ್ಕದಲ್ಲೇ ನಿಂತು ಕೇಳಿದಳು.

ವಿಚಾರಣೆ ನಡೆದಾಗ ಕಂಪನಿಯ ವಕೀಲ ಬಾಗಿಲಿನ ಫೋಟೋ ಹಿಡಿದು, ಇದು ಹಳೇ ನೆಗ್ಗು, ಎಲ್ಲೋ ಕಂಬಕ್ಕೆ ಗುದ್ದಿಸಿಕೊಂಡದ್ದು ಅಂದ. ನ್ಯಾಯಾಧೀಶ ಹೂಂ ಅಂದ. ಬಸ್ಸಿನ ಡ್ರೈವರನಿಗೆ ಒಂದು ದಿನದ ಶಿಕ್ಷೆಯೂ ಆಗಲಿಲ್ಲ. ಓಡೆಲ್ ಕೋಲೂರಿಕೊಂಡು ಕೆಲವು ವರ್ಷ ಬದುಕಿದ, ಸತ್ತ. ಬ್ರಾಂಟ್ ಆಕ್ಸಲ್ ಗಂಟುಮೂಟೆ ಕಟ್ಟಿಕೊಂಡು ಮೆಕ್ಸಿಕೋಗೆ ಹೋಯಿತು. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಆಳೆತ್ತರ ಕಳೆ. ಯೂನಿಯನ್ ಕಚೇರಿ ಇದ್ದ ಕಟ್ಟಡದಲ್ಲಿ ಹಾಸಿಗೆ ಮಾರುತ್ತಾರೆ. ನಡೆದದ್ದಕ್ಕೆ ಸಾಕ್ಷಿ ಅಂತ ಉಳಿದಿದ್ದು ಒಂದು ಬಾಗಿಲು.

ಅದಕ್ಕೇ ಆರ್ನೆಟಾ ಕಾರು ಇಟ್ಟುಕೊಂಡಳು. ಎಂಜಿನ್ ಬಿಚ್ಚಿ ಜೋಡಿಸುವುದನ್ನು ತನ್ನ ಚರ್ಚಿನ ಹಿರಿಯ, ಡೀಕನ್ ರೇಫರ್ಡ್ ಪೆಟ್‌ವೇಯಿಂದ ಕಲಿತಳು. ಕ್ಲಬ್ಬು ಸೇರಿದಳು. ಆಗಸ್ಟ್ ತಿಂಗಳಲ್ಲಿ ಹಳೇ ಕಾರುಗಳೆಲ್ಲ ಊರ ನಡುಬೀದಿಯಲ್ಲಿ ಮೆರವಣಿಗೆ ಹೊರಟಾಗ ಅವಳದೂ ಹೊರಡುತ್ತಿತ್ತು. ಬಲಬಾಗಿಲು ಜನ ನಿಂತ ಕಡೆಗೇ ಇರುತ್ತಿತ್ತು. ಇಷ್ಟು ಚೆಂದದ ಎಂಜಿನ್ ಇಟ್ಟುಕೊಂಡು ಬಾಗಿಲು ಯಾಕೆ ಹೀಗೆ ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಕೇಳಿದವರನ್ನು ನಿಲ್ಲಿಸಿಕೊಂಡು ಪೂರ್ತಿ ಹೇಳುತ್ತಿದ್ದಳು. ಮೆರವಣಿಗೆಯ ಜೊತೆಗೆ ನಡೆಯುವ ಕಾರು ಸ್ಪರ್ಧೆಯ ತೀರ್ಪುಗಾರರು ಪ್ರತಿ ಸಲ ಬಾಗಿಲಿಗೆ ಸೊನ್ನೆ ಕೊಡುತ್ತಿದ್ದರು. "ಕೊಡ್ರಪ್ಪ, ಆ ನ್ಯಾಯಾಧೀಶನೂ ಅದನ್ನೇ ಕೊಟ್ಟ," ಅನ್ನುತ್ತಿದ್ದಳು.

ಮರ್ಲ್ ಮಾತ್ರ ಆ ನೆಗ್ಗು ಕಂಡಾಗಲೆಲ್ಲ ಕೈ ಪರಚಿಕೊಳ್ಳುತ್ತಿದ್ದ. ನೆಗ್ಗು ಕಂಡರೆ ಎತ್ತಬೇಕು, ತುಕ್ಕು ಕಂಡರೆ ಕೆರೆಯಬೇಕು. ಇದು ಆ ಜನರ ಧರ್ಮ. ನಾನು ಎತ್ತಿಕೊಡ್ಲಾ ಅಂತ ವರ್ಷ ವರ್ಷ ಕೇಳಿದ. ಬೇಡ ಅಂತ ವರ್ಷ ವರ್ಷ ಅಂದಳು. ಪಾಪ, ದುಡ್ಡಿಲ್ಲ, ಹೇಳಿಕೊಳ್ಳಲು ಅಭಿಮಾನ ಅಡ್ಡ ಬರುತ್ತೆ ಅಂತ ಅವನು ತಿಳಿದ. ಪುಕ್ಕಟೆ ಪೇಂಟ್ ಬೇಡ ಅನ್ನುವ ಮನುಷ್ಯರು ಅವನ ಲೋಕದಲ್ಲಿ ಇರಲೇ ಇಲ್ಲ.

ಮಾರನೇ ಬೆಳಿಗ್ಗೆ ಆರ್ನೆಟಾ ಕುಂಟಿಕೊಂಡು ಅವನ ಶೆಡ್ಡಿಗೆ ಹೋದಳು.

"ಹಳೇ ತಗಡು ಎಲ್ಲಿ?"

"ಹೊರತಗಡು ಕತ್ತರಿಸಿ ಹೊಸದು ಹೊದಿಸಿದೆ. ಹಳೇದು ಗುಜರಿ ಲಾರಿಗೆ ಹೋಯ್ತು."

"ಫೋನ್ ಮಾಡು."

"ನೆಟ್ಟಾ, ಅದು ಹೋಗಿ..."

"ಮಾಡು ಅಂದೆ."

ಮರ್ಲ್ ಗುಜರಿಯವನಿಗೆ ಫೋನ್ ಮಾಡಿದ. ಎಲ್ಲವನ್ನೂ ಒತ್ತಿ ಇಟ್ಟಿಗೆ ಮಾಡಿ ಕಳಿಸಿಯಾಗಿದೆ ಅಂದ ಆ ಕಡೆಯವನು. ಮರ್ಲ್ ಕೈ ಒರೆಸಿಕೊಂಡ. ಆಗಲೇ ಒರೆಸಿದ್ದ ಕೈಯನ್ನು ಮತ್ತೆ ಒರೆಸಿಕೊಂಡ.

"ನಿಂಗೆ ಗೊತ್ತಿರ್ಲಿಲ್ಲ ಅಂತಾದ್ರೂ ಹೇಳು," ಅಂದಳು ಆರ್ನೆಟಾ. "ಸುಳ್ಳಾದ್ರೂ ಪರ್ವಾಗಿಲ್ಲ."

"ಗೊತ್ತಿತ್ತು. ನಿನ್ ಬಾಯಲ್ಲೇ ಎಷ್ಟು ಸಲ ಕೇಳಿಲ್ಲ ನಾನು. ಎಷ್ಟು ವರ್ಷ ಅಂತ ಅದನ್ನೇ ನೋಡ್ಕೊಂಡು ಕೂತಿರ್ತೀಯಾ? ಹಳೇದು ಅಳಿಸಿ ಹೋದ್ರೆ ನಿನ್ ಮನಸ್ಸಿಗೂ ಹಗುರ ಆಗುತ್ತೆ ಅಂದ್ಕೊಂಡೆ."

"ನನ್ ಮನಸ್ಸು ಹಗುರ ಮಾಡು ಅಂತ ನಿನಗೆ ಯಾವನೋ ಹೇಳಿದ್ದು? ಕಂಪನಿ ವಕೀಲ ಸೂಟು ಹಾಕ್ಕೊಂಡು ಬಂದು ಅಳಿಸೋಕೆ ನೋಡ್ದ, ಆಗ್ಲಿಲ್ಲ. ನೀನು ಚಡ್ಡಿ ಹಾಕ್ಕೊಂಡು ಪುಕ್ಕಟೆ ಅಳಿಸ್ಬಿಟ್ಟೆ."

ಮರ್ಲ್‌ನ ಕತ್ತು ಕೆಂಪಾಯಿತು. ಮೆಲ್ಲಗೆ ಅಂದ: "ಹಳೇ ಬಾಗಿಲಿನ ಫೋಟೋ ಇದೆಯಲ್ಲ. ಅದನ್ನ ನೋಡ್ಕೊಂಡು ಅಲ್ಲೇ, ಅದೇ ಆಕಾರದಲ್ಲಿ, ಮತ್ತೆ ನೆಗ್ಗಿಸಿಕೊಡ್ತೀನಿ. ಕೂದಲಷ್ಟೂ ವ್ಯತ್ಯಾಸ ಬರಲ್ಲ."

ಅವನು ಪ್ರಾಮಾಣಿಕವಾಗಿಯೇ ಹೇಳಿದ್ದ. ಹಳೇ ಕಾರಿಗೆ ಹಳೆಯದರಂತೆ ಕಾಣುವ ಹೊಸ ತಗಡು, ಹೊಸ ದೀಪ, ಹೊಸ ಸೀಟು ಎಲ್ಲ ಸಿಗುವ ಊರು ಅದು. ನೆಗ್ಗೊಂದು ಯಾಕೆ ಸಿಗಬಾರದು?

"ಆ ತಗಡನ್ನ ಒತ್ತಿದ್ದು ಒಬ್ಬ ಮನುಷ್ಯನ ಮೈ ಕಣೋ," ಅಂದಳು ಆರ್ನೆಟಾ. "ನೀನು ಯಾರ ಸೊಂಟ ಮುರೀತೀಯಾ?"

ಮೆರವಣಿಗೆಯ ದಿನ ಬಂತು. ಬೆಳಿಗ್ಗೆ ಡೀಕನ್ ರೇಫರ್ಡ್ ಇವಳ ಗ್ಯಾರೇಜಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಇವಳು ಊರಲ್ಲಿಲ್ಲದಾಗ ಗ್ಯಾರೇಜಿನ ಬೀಗದ ಕೈ ಮರ್ಲ್‌ಗೆ ಕೊಟ್ಟವನು ಅವನೇ.

"ಸಿಸ್ಟರ್ ಗೇನ್ಸ್, ಅವರು ಬರೀ ತೊಳೀತಾರೆ ಅಂದ್ಕೊಂಡಿದ್ದೆ ನಾನು."

"ಪ್ರಾರ್ಥನೆ ಚರ್ಚಲ್ಲಿ ಮಾಡು, ಡೀಕನ್. ಇಲ್ಲಿ ಸ್ಪ್ಯಾನರ್ ಹಿಡಿ."

"ಏನು ಮಾಡ್ಬೇಕು?"

"ಬಾಗಿಲು ಬಿಚ್ಬೇಕು."

ಎರಡೇ ಬಾಗಿಲಿನ ಕಾರಿನ ಬಾಗಿಲು ಉದ್ದ, ಮಹಾ ಭಾರ. ಕೆಳಗೆ ಜ್ಯಾಕ್ ಕೊಟ್ಟು, ಅವನು ತಬ್ಬಿ ಹಿಡಿದ; ಇವಳು ಕಾಲು ಚಾಚಿ ನೆಲದಲ್ಲಿ ಕೂತು ಕೀಲಿನ ಬೋಲ್ಟುಗಳನ್ನು ತಿರುಗಿಸಿದಳು. ಹೊಸ ಬಣ್ಣ ಚೂರು ಚೂರಾಗಿ ಉದುರಿತು. ಬಾಗಿಲು ಕಳಚಿದಾಗ ಡೀಕನ್ ಅದನ್ನು ಹೊತ್ತುಕೊಂಡೇ, "ಎಲ್ಲಿಡ್ಲಿ?" ಅಂದ. "ಬಚ್ಚಲಿಗಾದ್ರೂ ಹಾಕು," ಅಂದಳು.

ಬೀದಿಯ ತಿರುವಿನಲ್ಲಿ ಮರ್ಲ್ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಕಾರುಗಳಿಗೆ ಸಾಲು ತೋರಿಸುತ್ತಿದ್ದ. ಜಿಟಿಓ ಕಂಡವನೇ ಎರಡೂ ಕೈ ಅಡ್ಡ ಹಿಡಿದ.

"ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ, ನೆಟ್ಟಾ. ನಾವಷ್ಟು ಕಷ್ಟಪಟ್ಟು... ಹೀಗೆ ಬಿಡೋಕಾಗಲ್ಲ."

"ಬಿಡ್ಬೇಡ. ಅಡ್ಡ ನಿಂತ್ಕೋ. ನಾನು ನಿಲ್ಲಿಸ್ತೀನಿ. ಎಲ್ಲಾರೂ ನಿಲ್ಲಿಸಲ್ಲ."

ನಿಲ್ಲಿಸಿಯೂ ಬಿಟ್ಟಳು, ನಡುಬೀದಿಯಲ್ಲೇ. ಹಿಂದಿನ ಕಾರುಗಳು ಹಾರ್ನ್ ಬಾರಿಸಿದವು. ಕುರ್ಚಿ ಹಾಕಿಕೊಂಡು ಕೂತಿದ್ದ ಜನ ಎದ್ದು ಬಂದರು. ಗೋದಾಮಿನ ಕೆಲಸದ ಗುರುತಿನ ಚೀಟಿಯನ್ನು ಕೊರಳಿನಿಂದ ಇನ್ನೂ ತೆಗೆಯದ ಒಬ್ಬ ಹೆಂಗಸು ಬಾಗಿ ಒಳಗೆ ನೋಡಿ ಕೇಳಿದಳು: "ಗಾಡಿ ಬೊಂಬಾಟಾಗಿದೆ ಮೇಡಂ, ಬಾಗಿಲೆಲ್ಲಿ?"

ಆರ್ನೆಟಾ ಬಾಯಿ ತೆರೆದಳು. ಅಷ್ಟರಲ್ಲಿ ಮರ್ಲ್ ಕಣ್ಣಿಗೆ ಬಿದ್ದ. ಇಷ್ಟು ವರ್ಷ ಹೇಳಿ ಹೇಳಿ ಇವನ ತಲೆಯಲ್ಲಿ ಉಳಿದದ್ದಾದರೂ ಏನು?

"ಇವನನ್ನ ಕೇಳಮ್ಮ," ಅಂದಳು ಮರ್ಲ್ ಕಡೆ ಗದ್ದ ತೋರಿಸಿ. "ಇವನಿಗೆ ಎಲ್ಲಾ ಗೊತ್ತು."

ಮರ್ಲ್ ಅತ್ತ ಇತ್ತ ನೋಡಿದ. ಹಾರ್ನುಗಳು ಮೊಳಗುತ್ತಲೇ ಇದ್ದವು. ಆರ್ನೆಟಾ ಎಂಜಿನ್ ಆರಿಸಿ ಬೀಗದ ಕೈಯನ್ನು ಮಡಿಲಿಗೆ ಹಾಕಿಕೊಂಡಳು.

"ಇವಳ ಅಣ್ಣ ಬ್ರಾಂಟ್ ಆಕ್ಸಲ್‌ನಲ್ಲಿದ್ದ," ಎಂದು ಮರ್ಲ್ ಶುರುಮಾಡಿದ. "ಮುಷ್ಕರದ ಟೈಮಲ್ಲಿ ಒಂದು ಆಕ್ಸಿಡೆಂಟ್ ಆಯ್ತು..."

"ಆಕ್ಸಿಡೆಂಟಾ?"

"ಒಂದು ಬಸ್ಸು ಬಂದು, ಇವನು ಮಧ್ಯೆ ಸಿಕ್ಕಾಕ್ಕೊಂಡು..."

"ಸಿಕ್ಕಾಕ್ಕೊಂಡ್ನಾ? ಬಸ್ಸಿಗೆ ಡ್ರೈವರ್ ಇರ್ಲಿಲ್ವಾ? ಡ್ರೈವರನಿಗೆ ಕಣ್ಣಿರ್ಲಿಲ್ವಾ? ಆ ಬಸ್ಸಿಗೆ ದುಡ್ಡು ಕೊಟ್ಟವನು ಯಾರು? ಸರಿಯಾಗಿ ಹೇಳು."

ಗೋದಾಮಿನ ಹೆಂಗಸು ಕೈ ಕಟ್ಟಿಕೊಂಡು ನಿಂತಳು. ಹಿಂದಿನಿಂದ ಯಾರೋ ಕೂಗಿದರು. ಮರ್ಲ್ ಟೋಪಿ ತೆಗೆದು ನೆತ್ತಿಯ ಬೆವರು ಒರೆಸಿದ.

"ಒಂದು ಬಸ್ಸನ್ನ ಇವಳ ಅಣ್ಣನ ಮೇಲೆ ಓಡಿಸಿದ್ರು," ಅಂದ. ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸಿತು.

"ಅಲ್ಲಿ ಹಿಂದಿನವರಿಗೂ ಕೇಳ್ಬೇಕು," ಅಂದಳು ಆರ್ನೆಟಾ. "ಇನ್ನೊಂದ್ಸಲ. ಜೋರಾಗಿ."